ಮೆದುಳಿನ ರಕ್ತಸಂಚಾರ ಕಡಿಮೆಯಾಗಲು ಭಾರಲೋಹಗಳು ಕಾರಣವಾಗಬಹುದೇ?

ಮರೆವು, ತಲೆ ಮಂಕು ಎಂದು ಹೋದಾಗ ಸ್ಪೆಕ್ಟ್ ಸ್ಕ್ಯಾನ್ (ಮೆದುಳಿನ ಯಾವ ಭಾಗಕ್ಕೆ ಎಷ್ಟು ರಕ್ತ ಹೋಗುತ್ತಿದೆ ಎಂದು ತೋರಿಸುವ ಸ್ಕ್ಯಾನ್) ಮಾಡಿಸಿದ್ದೀರಿ. ಮೆದುಳಿನ ಕೆಲವು ಭಾಗಗಳಿಗೆ ರಕ್ತ ಕಡಿಮೆ ಹೋಗುತ್ತಿದೆ ಎಂದು ವರದಿ ಬಂದಿದೆ. ಇದು ಸೀಸ, ಪಾದರಸದಂಥ ಭಾರಲೋಹಗಳ ಕೆಲಸ, ಕೀಲೇಷನ್ (ಔಷಧಿ ಕೊಟ್ಟು ಲೋಹವನ್ನು ಮೂತ್ರದ ಮೂಲಕ ಹೊರಹಾಕಿಸುವ ಚಿಕಿತ್ಸೆ) ಮಾಡಿಸಿಕೊಳ್ಳಿ ಎಂದು ಯಾರೋ ಹೇಳಿದ್ದಾರೆ. ನಂಬಬಹುದೇ ಎಂದು ಕೇಳಿದ್ದೀರಿ.

ನಂಟು ಇರುವುದು ನಿಜ. ಆದರೆ ಆ ಸ್ಕ್ಯಾನ್ ಒಂದನ್ನೇ ನೆಚ್ಚಿಕೊಂಡು ಚಿಕಿತ್ಸೆಗೆ ಇಳಿಯಬೇಡಿ. ರಕ್ತ, ಮೂತ್ರಗಳಲ್ಲಿ ಲೋಹ ಅಳೆಯುವ ಲ್ಯಾಬಿನಲ್ಲಿ ನಾನು ಕೆಲಸ ಮಾಡುತ್ತೇನೆ. ಇಂಥ ಸಲಹೆ ಕೇಳಿ ಗಾಬರಿಯಾಗಿ ಬರುವವರನ್ನು ನೋಡುತ್ತಲೇ ಇರುತ್ತೇನೆ.

ಮೆದುಳಿನ ತೂಕ ದೇಹದ ತೂಕದ ಸುಮಾರು 2% ಅಷ್ಟೇ, ಆದರೆ ನಾವು ಬಳಸುವ ಆಮ್ಲಜನಕದಲ್ಲಿ ಸುಮಾರು 20% ಅದಕ್ಕೇ ಬೇಕು. ಯಾವ ಭಾಗ ಕೆಲಸಕ್ಕೆ ತೊಡಗುತ್ತದೋ ಅಲ್ಲಿನ ರಕ್ತನಾಳಗಳು ಕೆಲವೇ ಸೆಕೆಂಡುಗಳಲ್ಲಿ ಹಿಗ್ಗುತ್ತವೆ. ಹೀಗೆ ಹಿಗ್ಗಲು ನಾಳದ ಒಳಪದರದಲ್ಲಿ ತಯಾರಾಗುವ ನೈಟ್ರಿಕ್ ಆಕ್ಸೈಡ್ ನೆರವಾಗುತ್ತದೆ. ಸೀಸ ಕೈ ಹಾಕುವುದು ಇಲ್ಲೇ. ಅದರಿಂದ ಹೆಚ್ಚುವ ಆಕ್ಸಿಡೇಟಿವ್ ಒತ್ತಡ (ಜೀವಕೋಶಕ್ಕೆ ಹಾನಿ ಮಾಡುವ ಚುರುಕು ಆಮ್ಲಜನಕ ಕಣಗಳ ಹೆಚ್ಚಳ) ನೈಟ್ರಿಕ್ ಆಕ್ಸೈಡನ್ನು ಕೆಲಸ ಮಾಡುವ ಮೊದಲೇ ನಾಶಮಾಡುತ್ತದೆ, ನಾಳ ಬಿಗಿಯಾಗಿಯೇ ಉಳಿಯುತ್ತದೆ. ಜೊತೆಗೆ ಸೀಸ ಕ್ಯಾಲ್ಸಿಯಂನ ವೇಷದಲ್ಲಿ ಜೀವಕೋಶದೊಳಕ್ಕೆ ನುಸುಳುತ್ತದೆ. ವರ್ಷಗಟ್ಟಲೆ ಹೀಗೇ ನಡೆದರೆ ಬಿ.ಪಿ. ಏರುತ್ತದೆ, ಮೆದುಳಿನ ಸಣ್ಣ ನಾಳಗಳ ಗೋಡೆ ದಪ್ಪವಾಗುತ್ತದೆ. ಸೀಸದ ಮಟ್ಟ ಅತಿಯಾಗಿ ಏರಿದ ಮಕ್ಕಳಲ್ಲಂತೂ ನಾಳಗಳೇ ಸೋರಿ ಮೆದುಳು ಊದಿಕೊಳ್ಳುತ್ತದೆ. ಆಗ ತಲೆಬುರುಡೆಯೊಳಗಿನ ಒತ್ತಡಕ್ಕೆ ರಕ್ತ ಒಳಗೆ ಹೋಗುವುದೇ ಕಷ್ಟವಾಗುತ್ತದೆ. ಅದು ತುರ್ತು ಸ್ಥಿತಿ.

ಸಿಗರೇಟಿನ ಹೊಗೆಯಲ್ಲಿರುವ ಕ್ಯಾಡ್ಮಿಯಂ ಕೂಡ ನಾಳಗಳ ಒಳಪದರಕ್ಕೆ ಹಾನಿ ಮಾಡುತ್ತದೆ. ಆರ್ಸೆನಿಕ್ ವಿಷಯದಲ್ಲಿ ತೈವಾನಿನ ಅನುಭವ ದೊಡ್ಡದು. ಅಲ್ಲಿ ಆರ್ಸೆನಿಕ್ ಇದ್ದ ಬಾವಿ ನೀರು ಕುಡಿದವರ ಕಾಲಿನ ರಕ್ತನಾಳಗಳು ಮುಚ್ಚಿಹೋಗಿ ಪಾದ ಕಪ್ಪಾಗುತ್ತಿತ್ತು. ಅಲ್ಲಿನ ಅಧ್ಯಯನಗಳಲ್ಲಿ ಪಾರ್ಶ್ವವಾಯುವಿನೊಂದಿಗೂ ಆರ್ಸೆನಿಕ್‌ನ ನಂಟು ಕಂಡುಬಂದಿದೆ.

ಪಾದರಸದ ಕಥೆ ಬೇರೆ, ನಿಮ್ಮ ಪ್ರಶ್ನೆಗೆ ಅದೇ ಮುಖ್ಯ ಎಂದು ನನಗನ್ನಿಸುತ್ತದೆ. ಜಪಾನಿನ ಮಿನಾಮಾಟಾದಲ್ಲಿ 1956ರಲ್ಲಿ ಬೆಳಕಿಗೆ ಬಂದ ಕಾಯಿಲೆಯಲ್ಲಿ ಪಾದರಸದ ಒಂದು ರೂಪವಾದ ಮೀಥೈಲ್ ಮರ್ಕ್ಯುರಿ ನೇರವಾಗಿ ಕಿರುಮೆದುಳಿನ ಮತ್ತು ದೃಷ್ಟಿಗೆ ಸಂಬಂಧಿಸಿದ ಭಾಗದ ನರಕೋಶಗಳನ್ನು ಕೊಂದಿತ್ತು. ನರಕೋಶ ಸತ್ತ ಕಡೆ ಆಮ್ಲಜನಕದ ಅಗತ್ಯ ಇಳಿಯುತ್ತದೆ, ಅಲ್ಲಿಗೆ ಹೋಗುವ ರಕ್ತವೂ ಇಳಿಯುತ್ತದೆ. ಅಂದರೆ ರಕ್ತ ಕಡಿಮೆಯಾದದ್ದು ಹಾನಿಯ ಕಾರಣವೂ ಆಗಿರಬಹುದು, ಪರಿಣಾಮವೂ ಆಗಿರಬಹುದು. ಸ್ಕ್ಯಾನ್ ಇವೆರಡನ್ನೂ ಬೇರ್ಪಡಿಸಿ ಹೇಳಲಾರದು. ಖಿನ್ನತೆ, ಮೈಗ್ರೇನ್, ಅಲ್ಝೈಮರ್ ಇದ್ದವರ ಸ್ಕ್ಯಾನಿನಲ್ಲೂ ಹೀಗೇ ಕಾಣಬಹುದು. ಇದು ಸೀಸದ್ದು, ಇದು ಪಾದರಸದ್ದು ಎಂದು ಅದರಲ್ಲಿ ಬರೆದಿರುವುದಿಲ್ಲ.

ಹಾಗಾಗಿ ಲೋಹವನ್ನೇ ಅಳೆಯಬೇಕು, ಅದೂ ಸರಿಯಾಗಿ. ಸೀಸಕ್ಕೆ ರಕ್ತವನ್ನು ಲೋಹದ ಅಂಶವಿಲ್ಲದ ವಿಶೇಷ ಟ್ಯೂಬಿನಲ್ಲಿ ತೆಗೆಯಬೇಕು. ಬೆರಳು ಚುಚ್ಚಿ ತೆಗೆಯುವುದಾದರೆ ಮೊದಲು ಕೈಯನ್ನು ಸೋಪಿನಿಂದ ಚೆನ್ನಾಗಿ ತೊಳೆದಿರಬೇಕು, ಚರ್ಮದ ಮೇಲಿನ ಧೂಳೇ ಫಲಿತಾಂಶ ಕೆಡಿಸುತ್ತದೆ. ರಕ್ತದಲ್ಲಿನ ಸೀಸ ಸುಮಾರು ಒಂದು ತಿಂಗಳಲ್ಲಿ ಅರ್ಧಕ್ಕಿಳಿಯುತ್ತದೆ. ಮೂಳೆಯಲ್ಲಿ ಸೇರಿಕೊಂಡದ್ದು ದಶಕಗಳೇ ಉಳಿಯುತ್ತದೆ. ಆದ್ದರಿಂದ ಹಳೆಯ ಕೆಲಸಗಳ ವಿವರವನ್ನೂ ಡಾಕ್ಟರಿಗೆ ಹೇಳಿ: ಬ್ಯಾಟರಿ, ಬೆಸುಗೆ, ಹಳೆಯ ಪೇಂಟ್ ಕೆರೆಯುವುದು, ಹೀಗೆ. ಮೂತ್ರದಲ್ಲಿ ಆರ್ಸೆನಿಕ್ ನೋಡಿಸುವುದಾದರೆ ಹಿಂದಿನ ಕೆಲವು ದಿನ ಸಮುದ್ರದ ಮೀನು, ಸೀಗಡಿ ಬಿಡಿ. ಅವುಗಳಲ್ಲಿರುವ ನಿರುಪದ್ರವಿ ಆರ್ಸೆನಿಕ್ ಒಟ್ಟು ಅಂಕಿಯನ್ನು ಹಲವು ಪಟ್ಟು ಏರಿಸಿಬಿಡುತ್ತದೆ.

ಕೀಲೇಷನ್ ಔಷಧಿ ಕೊಟ್ಟು, ಆಮೇಲೆ ಮೂತ್ರ ಹಿಡಿದು, ನೋಡಿ ಎಷ್ಟು ಲೋಹ ಹೊರಬಂತು ಎಂದು ತೋರಿಸುವವರಿದ್ದಾರೆ. ದಯವಿಟ್ಟು ಒಪ್ಪಬೇಡಿ. ಆ ಔಷಧಿ ಕೊಟ್ಟರೆ ಆರೋಗ್ಯವಂತರ ಮೂತ್ರದಲ್ಲೂ ಲೋಹ ಹೆಚ್ಚುತ್ತದೆ, ಅದನ್ನು ಔಷಧಿ ಇಲ್ಲದ ಮಾಮೂಲಿ ಮಟ್ಟಕ್ಕೆ ಹೋಲಿಸುವುದು ತಪ್ಪು. ಕೀಲೇಷನ್ ತೀವ್ರ ಸೀಸವಿಷಕ್ಕೆ ನಿಜಕ್ಕೂ ಬೇಕಾದ ಚಿಕಿತ್ಸೆ. ಆದರೆ 2003ರಿಂದ 2005ರ ನಡುವೆ ಅಮೆರಿಕದಲ್ಲಿ ಕೀಲೇಷನ್‌ನಿಂದ ರಕ್ತದ ಕ್ಯಾಲ್ಸಿಯಂ ಕುಸಿದು ಮೂವರು ಸತ್ತರು, ಅವರಲ್ಲಿ ಇಬ್ಬರು ಮಕ್ಕಳು. ಹೃದಯಾಘಾತವಾಗಿದ್ದ ಮಧುಮೇಹಿಗಳ ಮೇಲೆ ನಡೆದ, 2024ರಲ್ಲಿ ಪ್ರಕಟವಾದ ದೊಡ್ಡ ಕೀಲೇಷನ್ ಪ್ರಯೋಗದಲ್ಲಿ ರಕ್ತದ ಸೀಸ ಸುಮಾರು 60% ಇಳಿಯಿತು. ಆದರೂ ಸಾವು, ಹೃದಯಾಘಾತ, ಪಾರ್ಶ್ವವಾಯು ಸೇರಿದ ಒಟ್ಟು ಲೆಕ್ಕ ಇಳಿಯಲಿಲ್ಲ.

ಈ ನಡುವೆ ಬಿ.ಪಿ., ಸಕ್ಕರೆ, ಥೈರಾಯ್ಡ್, ಬಿ12 ನೋಡಿಸಿ, ನಿದ್ದೆಯಲ್ಲಿ ಗೊರಕೆ, ಉಸಿರು ಕಟ್ಟುವುದು ಇದ್ದರೆ ಹೇಳಿ. ಮರೆವಿಗೆ ಇವೇ ಹೆಚ್ಚು ಸಾಮಾನ್ಯ ಕಾರಣಗಳು. ಒಂದು ವೇಳೆ ಸೀಸ ಜಾಸ್ತಿ ಎಂದೇ ಬಂದರೆ, ಅದು ಎಲ್ಲಿಂದ ಬರುತ್ತಿದೆ ಎಂದು ಹುಡುಕಿ ನಿಲ್ಲಿಸುವುದು ಮೊದಲ ಕೆಲಸ. ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಅವರ ರಕ್ತವನ್ನೂ ಅದೇ ವಾರ ಪರೀಕ್ಷೆ ಮಾಡಿಸಿ, ಏಕೆಂದರೆ ಸೀಸ ಕೆಲಸದ ಜಾಗದಿಂದ ಬರುತ್ತಿದ್ದರೆ ಬಟ್ಟೆಯ ಧೂಳು ಅವರನ್ನೂ ತಲುಪಿರಬಹುದು.