ಮಡಚುವ ಬಂದೂಕಿನ ಕೀಲು

ಮಾನ್ಯರೇ,

ಹ್ಯೂಸ್ಟನ್‌ನ ಹಳೆಯ ಆಯುಧಗಳ ಮೇಳವೊಂದರಲ್ಲಿ ಅಲ್ಯೂಮಿನಿಯಂ ಬಟ್ (ಭುಜಕ್ಕೆ ಒತ್ತಿ ಹಿಡಿಯುವ ಹಿಂಭಾಗ) ಇದ್ದ ಫ್ರೆಂಚ್ ರೈಫಲ್ ಒಂದನ್ನು ಕಂಡಿರೆಂದೂ, ಮಾರುವವರು ಅದನ್ನು ಪ್ಯಾರಾಟ್ರೂಪರ್‌ಗಳಿಗೆಂದೇ ಮಾಡಿದ ‘ಮಾಸ್-36 ಸಿಆರ್-39’ ಎಂದು ಹೇಳಿ ಮಾಮೂಲಿ ಮಾಸ್-36ರ ಹಲವು ಪಟ್ಟು ಬೆಲೆ ಕೇಳಿದರೆಂದೂ ಬರೆದಿದ್ದೀರಿ. ಪ್ರತಿ ಗುಂಡಿಗೂ ಬೋಲ್ಟ್ (ಗುಂಡನ್ನು ಒಳಕ್ಕೆ ತಳ್ಳಿ ಹಿಂದಿನಿಂದ ಮುಚ್ಚುವ ಉಕ್ಕಿನ ತುಂಡು) ಎಳೆಯಬೇಕಾದ ಬಂದೂಕಿಗೆ ಮಡಚುವ ಬಟ್ ಏಕೆ ಬೇಕಾಯಿತು, ಅಸಲಿಯನ್ನು ಗುರುತಿಸುವುದು ಹೇಗೆ ಎಂಬುದು ನಿಮ್ಮ ಪ್ರಶ್ನೆ. ಎರಡಕ್ಕೂ ಉತ್ತರ ಒಂದೇ ಜಾಗದಲ್ಲಿದೆ: ಬೋಲ್ಟ್ ಓಡಾಡುವ ಗೂಡಾದ ರಿಸೀವರ್ ಮುಗಿದು ಬಟ್ ಶುರುವಾಗುವ ಕಡೆ.

ಸೋವಿಯತ್ ಒಕ್ಕೂಟಕ್ಕೆ ಹೋಗಿ ಪ್ಯಾರಾಚೂಟ್ ವಿದ್ಯೆ ಕಲಿತು ಬಂದ ಕ್ಯಾಪ್ಟನ್ ಫ್ರೆಡೆರಿಕ್ ಜೆಯ್ 1935ರಲ್ಲಿ ಅವಿನ್ಯಾನ್ ಬಳಿಯ ಪುಜೋದಲ್ಲಿ ತರಬೇತಿ ಕೇಂದ್ರ ತೆರೆದರು. 1937ರಲ್ಲಿ ರೀಮ್ಸ್‌ನಲ್ಲೂ ಅಲ್ಜೀರಿಯಾದ ಬರಾಕಿಯಲ್ಲೂ ಫ್ರಾನ್ಸಿನ ಮೊದಲ ಎರಡು ಪ್ಯಾರಾಚೂಟ್ ತುಕಡಿಗಳು ಸಿದ್ಧವಾದವು. ಸೇಂಟ್ ಎಟಿಯೆನ್ ಕಾರ್ಖಾನೆಯ ಮಾಸ್-36 ಆಗ ಕಾಲಾಳುಪಡೆಯ ಹೊಸ ರೈಫಲ್. ಅದರ ಉದ್ದ ಸುಮಾರು 1020 ಮಿಲಿಮೀಟರ್. ವಿಮಾನದ ಬಾಗಿಲಲ್ಲಿ, ಹಗ್ಗಪಟ್ಟಿಗಳ ನಡುವೆ, ಮೀಟರ್ ಉದ್ದದ ಕೋಲನ್ನು ಮೈಗೆ ಕಟ್ಟಿಕೊಂಡು ಹಾರುವುದು ಎಷ್ಟು ಕಷ್ಟವೆಂದು ವಿವರಿಸಬೇಕಿಲ್ಲ.

ಇಲ್ಲಿ ವಿನ್ಯಾಸಕಾರರಿಗೆ ಅದೃಷ್ಟವೂ ಜೊತೆಗೂಡಿತ್ತು. ಮೌಸರ್ ಮಾದರಿಯ ರೈಫಲ್‌ಗಳಲ್ಲಿ ಮರದ ದಿಮ್ಮಿ ಮುಂದಿನಿಂದ ಹಿಂದಿನವರೆಗೆ ಒಂದೇ ತುಂಡು. ಅದನ್ನು ಮಡಚಬೇಕಾದರೆ ಕತ್ತರಿಸಲೇಬೇಕು. ಜಪಾನೀಯರಂತೂ ತಮ್ಮ ‘ಟೈಪ್ 2’ ಎಂಬ ಪ್ಯಾರಾ ರೈಫಲ್‌ನಲ್ಲಿ ಬಟ್ಟಿನ ತಂಟೆಗೇ ಹೋಗದೆ, ನಳಿಗೆಯನ್ನೇ ಬಿಚ್ಚಿ ತೆಗೆಯುವಂತೆ ಮಾಡಿದರು. ಮಾಸ್-36ರಲ್ಲಿ ಹಾಗಿಲ್ಲ. ಮುಂದಿನ ಮರ ಬೇರೆ, ಹಿಂದಿನ ಬಟ್ ಬೇರೆ, ನಡುವೆ ಉಕ್ಕಿನ ರಿಸೀವರ್. ಆದ್ದರಿಂದ ಮರದ ಬಟ್ಟನ್ನು ತೆಗೆದು, ಆ ಜಾಗಕ್ಕೆ ಟೊಳ್ಳಾದ ಅಲ್ಯೂಮಿನಿಯಂ ಬಟ್ಟನ್ನು ಕೀಲಿನ ಮೇಲೆ ಕೂರಿಸಿ, ಪಕ್ಕಕ್ಕೆ ತಿರುಗಿಸಿ ಮುಂದಕ್ಕೆ ಮಡಚುವಂತೆ ಮಾಡಿದರೆ ಸಾಕಿತ್ತು. ಬೋಲ್ಟ್ ಅದೇ, 7.5 ಮಿಲಿಮೀಟರ್ ಕಾಡತೂಸು ಅದೇ, ಐದು ಗುಂಡಿನ ಮ್ಯಾಗಜೀನ್ ಕೂಡ ಅದೇ. ‘ಸಿಆರ್’ ಎಂದರೆ ಫ್ರೆಂಚಿನಲ್ಲಿ ಮಡಚುವ ಬಟ್ ಎಂದೇ ಅರ್ಥ. ಹೆಸರಿನಲ್ಲೇ ಪೂರ್ತಿ ವ್ಯತ್ಯಾಸವನ್ನು ಹೇಳಿಬಿಡುವ ಬಂದೂಕು ಅಪರೂಪ.

ಸಂಗ್ರಾಹಕರಿಗೆ ತೊಡಕಾಗುವುದೂ ಇದೇ ಸರಳತೆ. ತಯಾರಾದದ್ದು ಸಣ್ಣ ಸಂಖ್ಯೆಯಲ್ಲಿ. ಮಾಮೂಲಿ ಮಾಸ್-36ಗಳೋ ಬೇಕಾದಷ್ಟು ಸಿಗುತ್ತವೆ. ಒಂದಕ್ಕೆ ಅಲ್ಯೂಮಿನಿಯಂ ಬಟ್ ಹೊಂದಿಸಿ ಅಪರೂಪದ ಬೆಲೆಗೆ ಮಾರುವ ಆಸೆ ಯಾರಿಗೂ ಹುಟ್ಟಬಹುದು. ಬ್ಯಾರೆಲ್ ಮೇಲಿನ ಮುದ್ರೆಯನ್ನು ಓದುವುದಕ್ಕಿಂತ ಕೀಲನ್ನು ನಾಲ್ಕು ಸಲ ಮಡಚಿ ಬಿಚ್ಚಿ ನೋಡುವುದೇ ಒಳ್ಳೆಯದೆಂದು ನನ್ನ ಅಭಿಪ್ರಾಯ. ಅಲ್ಯೂಮಿನಿಯಂ ಮೆತ್ತಗಿನ ಲೋಹ. ಸೈನಿಕರ ಕೈಯಲ್ಲಿ ವರ್ಷಗಟ್ಟಲೆ ದುಡಿದಿದ್ದರೆ ಉಕ್ಕಿಗೆ ತಾಗುವ ಅಂಚುಗಳು ಸವೆದಿರಬೇಕು, ಮೂಲೆಗಳಲ್ಲಿ ಬಣ್ಣ ಹಾರಿರಬೇಕು. ಬಂದೂಕೆಲ್ಲ ಹಳತಾಗಿ, ಕೀಲು ಮಾತ್ರ ಮೊನ್ನೆ ಅರದಿಂದ ಉಜ್ಜಿದಂತೆ ಹೊಳೆಯುತ್ತಿದ್ದರೆ ಬೆಲೆಯ ಮಾತು ಬೇಡ. ಬೋಲ್ಟ್ ಮೇಲಿನ ಸಂಖ್ಯೆ ಬಂದೂಕಿನ ಸಂಖ್ಯೆಗೆ ಹೊಂದುವುದಿಲ್ಲವೆಂಬ ಒಂದೇ ಕಾರಣಕ್ಕೆ ಮಾತ್ರ ತಿರಸ್ಕರಿಸಬೇಡಿ. ಸೈನ್ಯದ ಬಂದೂಕುಗಳು ದುರಸ್ತಿಯ ವೇಳೆ ಬಿಡಿಭಾಗ ಬದಲಿಸಿಕೊಂಡು ಬಂದಿರುತ್ತವೆ.

ಕೈಗೆತ್ತಿಕೊಂಡ ಕೂಡಲೇ ಬೋಲ್ಟ್ ಎಳೆದು ಚೇಂಬರ್ (ಕಾಡತೂಸು ಕೂರುವ ಜಾಗ) ಖಾಲಿಯಿದೆಯೇ ನೋಡಿ, ಏಕೆಂದರೆ ಮಾಸ್-36ಕ್ಕೆ ಗುಂಡು ತಾನಾಗಿ ಹಾರದಂತೆ ತಡೆಯುವ ಸೇಫ್ಟಿ ಎಂಬುದೇ ಇಲ್ಲ. ಅಮೆರಿಕದ ಪೇಟೆಗೆಂದು ಕೆಲವು ಮಾಸ್-36ಗಳ ಚೇಂಬರನ್ನು 7.62 ಮಿಲಿಮೀಟರಿನ .308 ಕಾಡತೂಸಿಗೆ ಬದಲಾಯಿಸಿದ್ದೂ ಉಂಟು. ಅಂಥದೊಂದಕ್ಕೆ ಮಡಚುವ ಬಟ್ ಇದ್ದರೆ, ಅದು ಮೂಲರೂಪದಲ್ಲಿ ಉಳಿದಿಲ್ಲವಾದ್ದರಿಂದ, ನೀವು ಬರೆದಿರುವ ಬೆಲೆಯ ಹತ್ತಿರಕ್ಕೂ ಹೋಗಬೇಡಿ.

— ಸಂಪಾದಕ