ಮನಿ ಕಡೆ ಲಕ್ಷ್ಯ ಇರ್ಲಿ

ಕೊಪ್ಪಳದಿಂದ ನಿವೃತ್ತ ಶಿಕ್ಷಕಿಯೊಬ್ಬರು ಬರೆದಿದ್ದಾರೆ. ಗಂಡ ಹೆಂಡತಿ ಇಬ್ಬರೇ ಇರುವ ಮನೆ. ಹೋದ ತಿಂಗಳು ಅವರ ಓಣಿಯಲ್ಲಿ ಬೀಗ ಹಾಕಿದ್ದ ಮನೆಯೊಂದು ಕಳವಾಯಿತು. ಪುಣೆಯಲ್ಲಿರುವ ಮಗ ಈಗ ಎಂಟು ಕ್ಯಾಮೆರಾ ಹಾಕಿಸಲು ಹೊರಟಿದ್ದಾನೆ. ಆರು ಹೊರಗೆ, ಒಂದು ಪಡಸಾಲೆಗೆ, ಒಂದು ಅಡುಗೆಮನೆಗೆ. "ಯಾವುದು ತಗೋಬೇಕು, ಎಲ್ಲಿ ಹಾಕಿಸಬೇಕು, ಆಮೇಲೆ ಹೇಗೆ ನೋಡ್ಕೋಬೇಕು, ತಿಳಿಸಿ" ಎಂದು ಕೇಳಿದ್ದಾರೆ. ಸಹಿಯ ಕೆಳಗೆ ಸಣ್ಣ ಅಕ್ಷರದಲ್ಲಿ ಇನ್ನೊಂದು ಸಾಲು ಇದೆ: "ಪಡಸಾಲೆಯಲ್ಲಿ ಬೇಡ ಅಂದ್ರೆ ಮಗ ಬೇಜಾರು ಮಾಡ್ಕೋತಾನೆ."

ಅಕ್ಕೋರೆ, ನಿಮ್ಮ ಪತ್ರ ಆ ಸಾಲಿನಿಂದಲೇ ಶುರುವಾಗಬೇಕಿತ್ತು. ಮಕ್ಕಳಿಗೆ ಧೈರ್ಯವಾಗಿ ಮಾತಾಡಿ ಎಂದು ಇಷ್ಟು ವರ್ಷ ಕಲಿಸಿದವರು ನೀವು. ನಿಮಗೆ ಬೇಡ ಅನಿಸಿದ್ದನ್ನು ಕೊನೆಗೆ ಯಾಕೆ ತಳ್ಳಿದಿರಿ?

ಮಗನ ಹೆದರಿಕೆಯಲ್ಲಿ ಸುಳ್ಳಿಲ್ಲ. ಬೀಗ ನೋಡಿಯೇ ಕಳ್ಳ ಬರುತ್ತಾನೆ. ದೂರದಲ್ಲಿರುವ ಮಗನಿಗೆ ರಾತ್ರಿ ನಿದ್ದೆ ಬರಬೇಕಲ್ವಾ? ಬಾಗಿಲಿಗೆ ಕ್ಯಾಮೆರಾ ಖಂಡಿತ ಹಾಕಿಸಲಿ. ಆದರೆ ಅದು ಹೊಸ್ತಿಲು ದಾಟಿ ಒಳಗೆ ಬರಬಾರದು. ಹೀಗೆ ಹೇಳಲು ನನಗೆ ಕಾರಣವಿದೆ.

ನಮ್ಮ ಅವ್ವ ರಾಯಚೂರಿನಲ್ಲಿ ಒಬ್ಬಳೇ ಇರುತ್ತಾಳೆ. ಮೂರು ವರ್ಷದ ಹಿಂದೆ ನನ್ನ ತಮ್ಮ ಅಲ್ಲಿನ ಪಡಸಾಲೆಗೆ ಒಂದು ಕ್ಯಾಮೆರಾ ಹಾಕಿಸಿದ. ಅವ್ವ ಬಿದ್ದರೆ ಗೊತ್ತಾಗಲಿ ಎಂಬ ಒಳ್ಳೇ ಮನಸ್ಸಿನಿಂದಲೇ ಹಾಕಿಸಿದ್ದು. ಅದರ ಮುಂದಿನ ಮೇ ತಿಂಗಳಲ್ಲಿ ನಾನು ಊರಿಗೆ ಹೋದೆ. ರಾಯಚೂರಿನ ಬಿಸಿಲು ಹೇಗಿರುತ್ತದೆ ಅಂತ ನಿಮಗೆ ಹೇಳಬೇಕಾಗಿಲ್ಲ. ಅವ್ವ ಮೊದಲಿನಿಂದಲೂ ಮಧ್ಯಾಹ್ನ ಪಡಸಾಲೆಯ ಶಹಾಬಾದ್ ಕಲ್ಲಿನ ಮೇಲೆ, ಚಾಪೆ ಕೂಡ ಹಾಸದೆ, ಸೆರಗು ಸಡಿಲ ಮಾಡಿಕೊಂಡು ಮಲಗುವವಳು. ಆ ದಿನ ಗಾಳಿಯಿಲ್ಲದ ಒಳಕೋಣೆಯಲ್ಲಿ ಬೆವರುತ್ತಾ ಮಲಗಿದ್ದಳು. ಯಾಕವ್ವಾ ಅಂದೆ. "ಸಣ್ಣಾವ ಆಫೀಸಿನ್ಯಾಗ ಮಂದಿ ಮುಂದ ಫೋನ್ ತೆಗೀತಾನಪ್ಪಾ. ನಾ ಹೆಂಗಂದ್ರ ಹಂಗ ಮಕ್ಕೊಂಡಿದ್ರ ಅವಗ ನಾಚಿಕಿ ಅಲ್ಲೇನು?" ಅಂದಳು. ಎಂಟು ತಿಂಗಳಿಂದ ಹಾಗೇ ಮಲಗುತ್ತಿದ್ದಳಂತೆ. ನಮಗೆ ಯಾರಿಗೂ ಹೇಳಿರಲಿಲ್ಲ. ತಮ್ಮನಿಗೆ ಫೋನ್ ಮಾಡಿದೆ. ಅವನಿಗೆ ಅಳುವೇ ಬಂತು. ಸಂಜೆಯೇ ಬಿಚ್ಚಿಸಿದೆವು. ಈಗ ಅವನು ದಿನಾ ಬೆಳಿಗ್ಗೆ ಏಳಕ್ಕೆ ಅವಳಿಗೆ ಫೋನ್ ಮಾಡುತ್ತಾನೆ.

ಇದು ನಮ್ಮ ಮನೆಯ ಭಾವನೆಯ ಮಾತಷ್ಟೇ ಅಂದುಕೊಳ್ಳಬೇಡಿ. 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ ಖಾಸಗಿತನ ಮೂಲಭೂತ ಹಕ್ಕು ಎಂದರು. ಆ ಪ್ರಕರಣಕ್ಕೆ ಹೆಸರು ಬಂದದ್ದು ಕೆ.ಎಸ್. ಪುಟ್ಟಸ್ವಾಮಿ ಅವರಿಂದ. ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಅವರು. ಅರ್ಜಿ ಹಾಕಿದಾಗ ಅವರಿಗೆ ಎಂಬತ್ತು ದಾಟಿತ್ತು. ವಯಸ್ಸಾಯಿತು, ನಮ್ಮದೇನು ಮುಚ್ಚುಮರೆ ಎಂದು ಅವರು ಸುಮ್ನೆ ಕೂರಲಿಲ್ಲ. 2025ರಲ್ಲಿ ಕೋಲ್ಕತ್ತಾದ ಹೈಕೋರ್ಟಿನ ಮುಂದೆ ಒಂದೇ ಮನೆಯ ಅಣ್ಣತಮ್ಮಂದಿರ ಜಗಳ ಬಂತು. ಜೊತೆಗಿರುವವರ ಒಪ್ಪಿಗೆ ಇಲ್ಲದೆ ವಾಸದ ಭಾಗದೊಳಗೆ ಕ್ಯಾಮೆರಾ ನಡೆಸುವಂತಿಲ್ಲ ಎಂದು ಕೋರ್ಟ್ ಹೇಳಿತು. ಸುಪ್ರೀಂ ಕೋರ್ಟ್ ಅದನ್ನು ಬದಲಿಸಲಿಲ್ಲ. ನಿಮ್ಮ ಒಪ್ಪಿಗೆಗೆ ಅಷ್ಟು ಬೆಲೆ ಇದೆ ಅಕ್ಕೋರೆ.

ಇನ್ನು ಹೊರಗಿನದು. ಆರು ಜಾಸ್ತಿಯಾಯಿತು. ಮುಂಬಾಗಿಲಿಗೆ ಒಂದು, ಹಿತ್ತಲ ಬಾಗಿಲಿಗೆ ಒಂದು ಸಾಕು. 2 ಮೆಗಾಪಿಕ್ಸೆಲ್ ಇದ್ದರೆ ಆಯಿತು, ಆದರೆ ಲೆನ್ಸ್ ಯಾವುದು ಎಂದು ಕೇಳಿ. ಅಂಗಡಿಯವರು ಹೆಚ್ಚಾಗಿ ಕೊಡುವುದು 2.8 ಮಿಲಿಮೀಟರಿನದು. ಅದು ಅಂಗಳವನ್ನೆಲ್ಲ ಅಗಲವಾಗಿ ತೋರಿಸುತ್ತದೆ, ಆದರೆ ಗುರುತು ಹಿಡಿಯುವಷ್ಟು ಮುಖ ಕಾಣುವುದು ಸುಮಾರು 3 ಮೀಟರ್ ಒಳಗೆ ಬಂದಾಗ ಮಾತ್ರ. ಗೇಟು ಏಳೆಂಟು ಮೀಟರ್ ದೂರವಿದ್ದರೆ 6 ಮಿಲಿಮೀಟರಿನ ಲೆನ್ಸ್ ಬೇಕು. ಎತ್ತರ ಎಂಟು ಅಡಿಯ ಸುಮಾರು ಇರಲಿ. ಮಾಳಿಗೆಯ ತುದಿಗೆ ಹಾಕಿದರೆ ಕಳ್ಳನ ಟೋಪಿ ಕಾಣುತ್ತದೆ, ಮುಖ ಕಾಣುವುದಿಲ್ಲ. ಎದುರು ಮನೆಯ ಬಾಗಿಲು, ಅವರು ಬಟ್ಟೆ ಒಣಹಾಕುವ ಜಾಗ ನಿಮ್ಮ ಚಿತ್ರದಲ್ಲಿ ಬರಕೂಡದು. ಹಾಕುವ ದಿನವೇ ಎದುರು ಮನೆಯವರನ್ನು ಕರೆದು ಫೋನಿನಲ್ಲಿ ತೋರಿಸಿಬಿಡಿ.

ರೆಕಾರ್ಡಿಂಗ್ ಮನೆಯಲ್ಲೇ ಇಡುವ ರೆಕಾರ್ಡರ್ ಪೆಟ್ಟಿಗೆಯಲ್ಲಿರಲಿ. ಒಂದು ಕ್ಯಾಮೆರಾ ಬಿಡುವಿಲ್ಲದೆ ಓಡಿದರೆ ಹಳೇ ವಿಧಾನದಲ್ಲಿ ದಿನಕ್ಕೆ 40 ಜಿಬಿ ದಾಟುತ್ತದೆ. ವಿಡಿಯೊವನ್ನು ಇನ್ನಷ್ಟು ಕುಗ್ಗಿಸಿ ಇಡುವ ಎಚ್.265 ಎಂಬ ಹೊಸ ವಿಧಾನ ಇದ್ದರೆ ಹೆಚ್ಚುಕಡಿಮೆ ಅದರ ಅರ್ಧ. ಆಗ ಎರಡು ಕ್ಯಾಮೆರಾಕ್ಕೆ 1 ಟಿಬಿ ಡಿಸ್ಕ್ ಸುಮಾರು ಮೂರು ವಾರ ಬರುತ್ತದೆ. ಪಾಸ್‌ವರ್ಡ್ ಅಂಗಡಿಯವನು ಇಟ್ಟದ್ದನ್ನೇ ಬಿಡಬೇಡಿ. 2016ರಲ್ಲಿ ಮಿರಾಯ್ ಎಂಬ ದುಷ್ಟ ತಂತ್ರಾಂಶ ಇಂಥ ಕಂಪನಿ ಪಾಸ್‌ವರ್ಡುಗಳನ್ನೇ ಹಿಡಿದು ಲಕ್ಷಗಟ್ಟಲೆ ಕ್ಯಾಮೆರಾ, ರೆಕಾರ್ಡರುಗಳನ್ನು ವಶ ಮಾಡಿಕೊಂಡಿತ್ತು. ಆ ಅಕ್ಟೋಬರಿನಲ್ಲಿ ಅವುಗಳ ಮೂಲಕ ನಡೆದ ದಾಳಿಗೆ ಅಮೆರಿಕದಲ್ಲಿ ದೊಡ್ಡ ದೊಡ್ಡ ಜಾಲತಾಣಗಳೇ ಗಂಟೆಗಟ್ಟಲೆ ನಿಂತುಹೋದವು.

ಬಳ್ಳಾರಿಯ ನಮ್ಮ ಕಚೇರಿಯ ಕಥೆಯನ್ನೂ ಕೇಳಿ. ನಾಲ್ಕು ಕ್ಯಾಮೆರಾ ಇದ್ದವು. ಹುಡುಗನೊಬ್ಬನ ಬೈಕು ಕಳವಾಯಿತು. ಪೊಲೀಸರು ಬಂದು ದೃಶ್ಯ ಕೇಳಿದರು. ಪರದೆಯಲ್ಲಿ ನಾಲ್ಕೂ ಚಿತ್ರ ಚೆನ್ನಾಗಿ ಕಾಣುತ್ತಿದ್ದವು, ಆದರೆ ಡಿಸ್ಕ್ ಕೆಟ್ಟು ಐದು ತಿಂಗಳಾಗಿತ್ತು. ಒಂದು ದಿನದ್ದೂ ಉಳಿದಿರಲಿಲ್ಲ. ವರ್ಷದ ನಿರ್ವಹಣೆಗೆ ದುಡ್ಡು ತೆಗೆದುಕೊಂಡಿದ್ದ ಅಂಗಡಿಯವನು ಒಮ್ಮೆಯೂ ಬಂದು ನೋಡಿರಲಿಲ್ಲ. ಅದಕ್ಕೇ ಹೇಳುತ್ತೇನೆ, ತಿಂಗಳಿಗೊಮ್ಮೆ ಹಿಂದಿನ ವಾರದ ಒಂದು ರಾತ್ರಿಯನ್ನು ತೆಗೆದು ಓಡಿಸಿ ನೋಡಿ. ಗಡಿಯಾರ ಸರಿ ಇದೆಯಾ ನೋಡಿ. ನಮ್ಮ ಕಡೆಯ ಧೂಳು ಗೊತ್ತಲ್ಲ, ಗಾಜನ್ನು ಮೆತ್ತನೆಯ ಬಟ್ಟೆಯಿಂದ ಒರೆಸಿ. ಜೇಡರ ಬಲೆ ಇದ್ದರೆ ರಾತ್ರಿ ಕ್ಯಾಮೆರಾದ ಬೆಳಕಿಗೆ ಅದೇ ಬೆಳ್ಳಗೆ ಹೊಳೆದು ಉಳಿದದ್ದೆಲ್ಲ ಮುಚ್ಚಿಹೋಗುತ್ತದೆ. ಕರೆಂಟು ಹೋದಾಗ ಪೆಟ್ಟಿಗೆಗೂ, ಕ್ಯಾಮೆರಾಗಳಿಗೂ, ಇಂಟರ್ನೆಟ್ ರೂಟರಿಗೂ ಯುಪಿಎಸ್ ಬೇಕು.

ಹಾಕಿಸುವ ದಿನ ಇರುವ ಉತ್ಸಾಹ ಆಮೇಲೆ ಇರುವುದಿಲ್ಲ. ಹಳ್ಳಿಹಳ್ಳಿಯ ಶುದ್ಧ ನೀರಿನ ಘಟಕ ನೋಡಿ. ಉದ್ಘಾಟನೆಯ ಕಲ್ಲು ಹೊಳೆಯುತ್ತಿರುತ್ತದೆ, ನಲ್ಲಿ ಒಣಗಿರುತ್ತದೆ. ಶಾಲೆಯ ಕಂಪ್ಯೂಟರ್ ಕೋಣೆ, ಊರಿನ ಗ್ರಂಥಾಲಯ, ಎಲ್ಲದರ ಗತಿಯೂ ಅದೇ. ಮನುಷ್ಯರನ್ನೂ ಹಾಗೇ ನೋಡಿಕೊಳ್ಳುತ್ತಿದ್ದೇವೆ ಅನಿಸಿ ನನಗೆ ಸಂಕಟವಾಗುತ್ತದೆ. ಅಪ್ಪ ಅಮ್ಮನಿಗೆ ಕ್ಯಾಮೆರಾ ಹಾಕಿಸಿದರೆ ಜವಾಬ್ದಾರಿ ಮುಗಿಯಿತು. ಕೆಲಸದಾಕೆಯ ಮೇಲೆ ಕ್ಯಾಮೆರಾ, ಸೊಸೆಯ ಮೇಲೆ ಕ್ಯಾಮೆರಾ, ಓದುವ ಹುಡುಗಿಯ ಮೇಜಿನ ಮೇಲೂ ಕ್ಯಾಮೆರಾ. ಕಳ್ಳನಿಗೆಂದು ತಂದದ್ದನ್ನು ಮನೆಯವರ ಕಡೆ ತಿರುಗಿಸಿ ಕೂತಿದ್ದೇವೆ.

ನಿಮ್ಮೂರಿನ ಗವಿಮಠದ ಜಾತ್ರೆಗೆ ಮನೆಮಂದಿಯೆಲ್ಲ ಹೊರಟಾಗ ಪಕ್ಕದವರಿಗೆ ಏನು ಹೇಳುತ್ತಿದ್ದೆವು? "ಮನಿ ಕಡೆ ಲಕ್ಷ್ಯ ಇರ್ಲಿ." ಅವರು ಬರೀ ಮನೆ ಕಾಯುತ್ತಿರಲಿಲ್ಲ. ಮರುದಿನ ಕದ ತೆರೆಯದಿದ್ದರೆ ಬಂದು ಬಡಿಯುತ್ತಿದ್ದರು. ಅವ್ವ ಬಿದ್ದರೆ ಎತ್ತುವವರೂ ಅವರೇ. ಮೊಬೈಲಿನಲ್ಲಿ ನೋಡಿದ ಮಗ ಪುಣೆಯಿಂದ ಬರುವುದಕ್ಕೆ ಒಂದು ರಾತ್ರಿ ಬೇಕು.

ಈ ಪುಟವನ್ನು ಮಗನಿಗೆ ಓದಿ ಹೇಳಿ. ಉಳಿದ ಆರು ಕ್ಯಾಮೆರಾದ ದುಡ್ಡಿನಲ್ಲಿ ಬಚ್ಚಲಿಗೆ ಹಿಡಿದುಕೊಳ್ಳುವ ಕಂಬಿ ಹಾಕಿಸಲಿ, ಹಿತ್ತಲ ಬಾಗಿಲಿಗೆ ಗಟ್ಟಿ ಚಿಲಕ ಹಾಕಿಸಲಿ. ಪಾಸ್‌ವರ್ಡ್ ನೀವೇ ಇಟ್ಟು, ನಿಮ್ಮ ದುಂಡನೆಯ ಅಕ್ಷರದಲ್ಲಿ ಬರೆದು ಬೀರುವಿನಲ್ಲಿಡಿ. ಪಕ್ಕದ ಮನೆಯವರ ಫೋನ್ ನಂಬರನ್ನು ಮಗನಿಗೆ ಇವತ್ತೇ ಕಳಿಸಿ.

– ಸಂಪಾದಕ