ಸಂಪಾದಕರ ಉತ್ತರ: ಹೆಡ್‌ಲೈಟ್ ಆರಿಸಿ ಲಾರಿ ಓಡಿಸಿದವ್ರು

ನರಗುಂದ ಕಡೆಯಿಂದ ಪತ್ರ ಬರ್ದ ಅಕ್ಕಾರಿಗೆ ನಮಸ್ಕಾರ್ರಿ. ಹೆಸರು ಹಾಕಬ್ಯಾಡ್ರಿ ಅಂದೀರಿ, ಹಾಕಿಲ್ಲ. ಆದ್ರ ನೀವು ಕೇಳಿದ್ದು ಎಲ್ಲಾರೂ ಓದ್ಬೇಕು, ಅದಕ್ಕ ಇಲ್ಲೇ ಹೇಳ್ತೀನಿ. ಕಾರ್ಗಿಲ್ ಯುದ್ಧದ ಬಗ್ಗೆ ನಾವು ಹಾಕಿದ್ದ ಲೇಖನದಾಗ ತೋಲೋಲಿಂಗ್ ಐತಿ, ಟೈಗರ್ ಹಿಲ್ ಐತಿ, ಪದಕ ತಗೊಂಡವ್ರ ಫೋಟೋ ಅದಾವು, ನಿಮ್ಮ ಮನಿಯವ್ರು 1999ರಾಗ ಅದೇ ಗುಡ್ಡದ ಬುಡಕ ಎಎಸ್‌ಸಿ, ಅಂದ್ರ ಸೈನ್ಯಕ್ಕ ಸಾಮಾನು ಮುಟ್ಟಿಸೋ ವಿಭಾಗದ ಲಾರಿ ಓಡಿಸ್ಯಾರ, ಒಂದು ಗುಂಡೂ ಹಾರಿಸಿಲ್ಲ, ಈಗ ಊರಾಗ ಕಟ್ಟಿ ಮ್ಯಾಲ ಕುಂತವ್ರು "ನೀ ಎಲ್ಲಿ ಯುದ್ಧ ಮಾಡೀಪಾ, ಡ್ರೈವರ್ ಇದ್ದಿ" ಅಂತಾರಂತ, ಅವ್ರು ಮಾಡಿದ್ದು ಯುದ್ಧ ಹೌದೋ ಅಲ್ಲೋ ಅಂತ ಕೇಳೀರಿ.

ಹೌದ್ರಿ ಅಕ್ಕಾರ, ಯುದ್ಧನ.

ಆ ಗುಡ್ಡಗಳಿಗೆ ಅಷ್ಟು ಬೆಲೆ ಬಂದಿದ್ದೇ ಕೆಳಗಿನ ರಸ್ತೆ ಸಲುವಾಗಿ. ಶ್ರೀನಗರದಿಂದ ಜೋಜಿಲಾ ಘಾಟ್ ದಾಟಿ ದ್ರಾಸ್, ಕಾರ್ಗಿಲ್ ಹಾಯ್ದು ಲೇಹ್‌ಗೆ ಹೋಗೋ ಹೆದ್ದಾರಿ ಅದು, ಆಗ 1ಎ ಅಂತಿದ್ರು, ಲಡಾಖಕ್ಕ ಅಕ್ಕಿ, ಡೀಸೆಲ್, ಮದ್ದುಗುಂಡು ಹೆಚ್ಚಾಗಿ ಅದರ ಮ್ಯಾಲೇ ಹೋಗ್ತಿತ್ತು. ನಿಮ್ಮ ನರಗುಂದ ಗುಡ್ಡ ಹತ್ತಿ ನಿಂತ್ರ ಕೆಳಗ ಊರಿನ ರಸ್ತೆ ಹೆಂಗ ಕಾಣ್ತದ, ಹಂಗ ತೋಲೋಲಿಂಗ್ ಮ್ಯಾಲಿಂದ ದ್ರಾಸ್ ರಸ್ತೆ ಕಾಣ್ತಿತ್ತು, ಅಲ್ಲಿ ಕುಂತ ಪಾಕಿಸ್ತಾನದವ್ರು ಲಾರಿ ನೋಡಿ ಹಿಂದಿನ ತೋಪಿನವ್ರಿಗೆ ವೈರ್‌ಲೆಸ್‌ನಾಗ ಹೇಳ್ತಿದ್ರು, ಶೆಲ್ ಬಂದು ರಸ್ತೆ ಮ್ಯಾಲೇ ಬೀಳ್ತಿತ್ತು. ಅದಕ್ಕ ಕಾನ್ವಾಯ್ ರಾತ್ರಿ ಹೋಗೂದು, ಹೆಡ್‌ಲೈಟ್ ಆರಿಸಿ, ಒಂದು ಮಗ್ಗಲ ಕಲ್ಲು ಇನ್ನೊಂದು ಮಗ್ಗಲ ಕಮರಿ, ಹಿಂದ ತುಂಬಿದ್ದು ಬಾರೂದು. ನಿಮ್ಮವ್ರು ಹಿಡಿದಿದ್ದು ಆ ಸ್ಟೇರಿಂಗ್ ನೋಡ್ರಿ. ಜೂನ್ 13ಕ್ಕ ತೋಲೋಲಿಂಗ್ ನಮ್ಮ ಕೈಗೆ ಬಂದಮ್ಯಾಲ ರಸ್ತೆಗೆ ಸ್ವಲ್ಪ ಉಸಿರಾಡಾಕ ಆತು.

ಬೋಫೋರ್ಸ್ ತೋಪಿನ ಬಗ್ಗೆ ನಾವು ಭಾಳ ಬರ್ದೀವಿ. ಅದರ 155 ಎಂಎಂ ಶೆಲ್ ಒಂದೊಂದೂ 40 ಕಿಲೋಕ್ಕಿಂತ ಭಾರ, ಹತ್ರಹತ್ರ ಅರ್ಧ ಕ್ವಿಂಟಲ್ ಜೋಳದ ಚೀಲ ಅನ್ರಿ. ಆ ಯುದ್ಧದಾಗ ಶೆಲ್, ಮಾರ್ಟರ್ ಬಾಂಬ್, ರಾಕೆಟ್ ಎಲ್ಲಾ ಸೇರಿ ನಮ್ಮ ಕಡೆಯಿಂದ 2.5 ಲಕ್ಷಕ್ಕೂ ಹೆಚ್ಚು ಹಾರಿಸ್ಯಾರ, ಅಷ್ಟನ್ನೂ ಯಾರೋ ಲಾರಿಗೆ ಏರಿಸ್ಯಾರ, ಯಾರೋ ಕತ್ತಲಾಗ ತಂದಾರ, ಯಾರೋ ಇಳಿಸ್ಯಾರ. ಲಾರಿ ನಿಂತ ಜಾಗದಿಂದ ಮುಂದ ಹೇಸರಗತ್ತಿ, ಹೇಸರಗತ್ತಿಯೂ ಹತ್ತಲಾರದ ಕಡೆ ಮನುಷ್ಯಾರ ಬೆನ್ನು, ಜವಾನರ ಜೋಡಿ ದ್ರಾಸ್ ಕಡೆ ಹಳ್ಳಿಯ ಹಮಾಲರೂ ಹೊತ್ತಾರ, 15-16 ಸಾವಿರ ಅಡಿ ಎತ್ತರದಾಗ ನಾಲ್ಕು ಹೆಜ್ಜಿ ಇಟ್ರ ಎದಿ ಬಡಕೊಳ್ಳೋ ಗಾಳಿಯೊಳಗ. ಮ್ಯಾಲ ಕಲ್ಲಿನ ಮರಿಯಾಗ ಮಲಗಿದ ಹುಡುಗ ಬೆಳತನ ಗುಂಡು ಹಾರಿಸ್ಬೇಕಂದ್ರ ಕೆಳಗ ಇಷ್ಟು ಮಂದಿ ನಿದ್ದಿಗೆಟ್ಟಿರಬೇಕಿತ್ತು.

ಇನ್ನೊಂದು ಮಾತು, ಇದು ನನ್ನ ತಪ್ಪು. ಆ ಲೇಖನ ಬರ್ದವ್ರು ಲಾರಿ ಬಗ್ಗೆ ಒಂದು ಪ್ಯಾರಾ ಕೊಟ್ಟಿದ್ರು, ಜಾಗ ಸಾಲ್ಲಿಲ್ಲ ಅಂತ ನಾನೇ ಕತ್ತರಿ ಹಾಕ್ದೆ, ಫೋಟೋ ಸಣ್ಣದು ಮಾಡಬಹುದಿತ್ತು, ಮಾಡ್ಲಿಲ್ಲ. ನಿಮ್ಮ ಪತ್ರ ಓದಿದಾಗಿಂದ ಅದೇ ಮನಸ್ಸಿನಾಗ ಕೊರೀಲಿಕ್ಕತ್ತೈತಿ. ಮೊನ್ನೆ ಧಾರವಾಡದ ಕಾರ್ಗಿಲ್ ಸ್ತೂಪದ ಮುಂದ ಹಾಯ್ದು ಬರೂವಾಗ್ಲೂ ನಿಮ್ಮವ್ರೇ ನೆನಪಾದ್ರು.

ಅವ್ರು ಒಪ್ಪಿದ್ರ ನಮ್ಮ ಹುಡುಗ ಹುಬ್ಬಳ್ಳಿಯಿಂದ ಬರ್ತಾನ, ಮುಂದಿನ ಸಂಚಿಕಿಯೊಳಗ ನಾಲ್ಕು ಪೇಜ್ ತೆಗೆದಿಡ್ತೀನಿ. ಶೌರ್ಯದ ಮಾತು ಹೇಳ್ಬೇಕಂತೇನಿಲ್ಲ. ಲೈಟ್ ಇಲ್ಲದ ತಿರುವಿನಾಗ ಮುಂದಿನ ಗಾಡಿ ಹೆಂಗ ಗೊತ್ತಾಗ್ತಿತ್ತು, ಟೈರ್ ಪಂಕ್ಚರ್ ಆದ್ರ ಏನ್ ಮಾಡ್ತಿದ್ರು, ಬಾಜೂ ಕುಂತವ ಯಾವ ಊರಿನವ, ಊಟ ಎಲ್ಲಿ, ನಿಮಗ ಪತ್ರ ಬರಿಯೂದು ಯಾವಾಗ, ಇಷ್ಟು ಹೇಳಿದ್ರ ಸಾಕು. ಅವ್ರು ಬರ್ದ ಪತ್ರ ಟ್ರಂಕಿನಾಗ ಇದ್ರ ತೆಗೆದಿಡ್ರಿ.